ಆಡಮ್ ಆಸ್ಬೋರ್ನ್: ಪುಸ್ತಕದಿಂದ ಕಂಪ್ಯೂಟರಿಗೆ ಬಂದವರು

ಮ್ಯಾನೇಜ್‌ಮೆಂಟ್ ಓದಿದವರು ‘ಆಸ್ಬೋರ್ನ್ ಎಫೆಕ್ಟ್’ ಎಂಬ ಮಾತನ್ನು ಕೇಳಿಯೇ ಇರುತ್ತೀರಿ. ಹೊಸ ಮಾದರಿ ಸದ್ಯದಲ್ಲೇ ಬರಲಿದೆ ಎಂದು ಕಂಪನಿಯೊಂದು ಮೊದಲೇ ಬಾಯಿ ಬಿಡುತ್ತದೆ. ಗಿರಾಕಿಗಳು ಹಳೆಯದನ್ನು ಕೊಳ್ಳುವುದು ನಿಲ್ಲಿಸಿ ಹೊಸದಕ್ಕೆ ಕಾಯುತ್ತಾರೆ. ಅತ್ತ ಹೊಸದು ಇನ್ನೂ ತಯಾರಾಗಿಲ್ಲ, ಇತ್ತ ಹಳೆಯದು ಹೋಗುತ್ತಿಲ್ಲ. ಕೈಯಲ್ಲಿದ್ದ ಹಣ ಕರಗಿ ಕಂಪನಿ ಬಾಗಿಲು ಹಾಕುತ್ತದೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಆಸ್ಬೋರ್ನ್ ಕಂಪ್ಯೂಟರ್ ಕಾರ್ಪೊರೇಷನ್ ದಿವಾಳಿಯಾದದ್ದು ಹೀಗೇ ಎಂದು ಪಾಠ ಹೇಳುತ್ತಾರೆ. ಒಬ್ಬ ಮನುಷ್ಯನ ಹೆಸರು ಜಗತ್ತಿನಲ್ಲಿ ಉಳಿದದ್ದು ಒಂದು ತಪ್ಪಿನ ಹೆಸರಾಗಿ.

ಆ ಪಾಠದಲ್ಲಿ ಅರ್ಧ ಮಾತ್ರ ನಿಜ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ. ನನಗೆ ಅದಕ್ಕಿಂತ ಹೆಚ್ಚು ಬೇಸರ ತರುವ ಸಂಗತಿ ಬೇರೆ ಇದೆ. ಆ ಪಾಠ ಹೇಳುವ ಭರದಲ್ಲಿ ಆಸ್ಬೋರ್ನ್ ಏನು ಮಾಡಿದರು ಎನ್ನುವುದನ್ನೇ ನಾವು ಮರೆತಿದ್ದೇವೆ. ಕಂಪ್ಯೂಟರ್ ಎಂಬ ವಸ್ತುವನ್ನು ಅಂಗಡಿಗೆ ಹೋಗಿ, ಒಂದೇ ಬೆಲೆ ಕೊಟ್ಟು, ಮನೆಗೆ ತಂದು, ಅದೇ ಸಂಜೆ ಕೆಲಸಕ್ಕೆ ಹಚ್ಚಬಹುದು ಎಂದು ತೋರಿಸಿದವರು ಅವರು. ಅವರಿಗೆ ಇದು ಹೊಳೆದದ್ದಕ್ಕೆ ಕಾರಣ, ಅವರು ಎಲೆಕ್ಟ್ರಾನಿಕ್ಸ್ ಕಡೆಯಿಂದ ಬಂದವರಲ್ಲ, ಪುಸ್ತಕ ಬರೆದು ಅಚ್ಚು ಹಾಕಿಸಿ ಮಾರಿ ಬಂದವರು. ಇವತ್ತಿನ ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತ.

ಬಾಲ್ಯದಿಂದ ಶುರು ಮಾಡೋಣ, ಯಾಕೆಂದರೆ ಅದು ನಮಗೆ ಹತ್ತಿರದ ಊರಿನದು. ಹುಣ್ಣಿಮೆ ಬಂದರೆ ಬೆಂಗಳೂರಿನಿಂದ ತಿರುವಣ್ಣಾಮಲೈಗೆ ಗಿರಿಪ್ರದಕ್ಷಿಣೆಗೆ ಹೋಗುವವರು ಈ ಸಭೆಯಲ್ಲೂ ಇದ್ದೀರಿ. ಅಲ್ಲಿನ ರಮಣಾಶ್ರಮದ ಪುಸ್ತಕದಂಗಡಿಯಲ್ಲಿ ಆರ್ಥರ್ ಆಸ್ಬೋರ್ನ್ ಎಂಬ ಹೆಸರನ್ನು ನೋಡಿರುತ್ತೀರಿ. ರಮಣ ಮಹರ್ಷಿಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರು, 1964ರಲ್ಲಿ ಆಶ್ರಮದ ‘ದಿ ಮೌಂಟನ್ ಪಾತ್’ ಪತ್ರಿಕೆಯನ್ನು ಶುರು ಮಾಡಿ ಅದರ ಸಂಪಾದಕರಾಗಿದ್ದವರು. ಆಡಮ್ ಆಸ್ಬೋರ್ನ್ ಅವರ ಮಗ.

ಆರ್ಥರ್ ಬ್ಯಾಂಕಾಕಿನ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಇಂಗ್ಲಿಷರು. ಹೆಂಡತಿ ಲೂಸಿಯಾ ಪೋಲೆಂಡಿನವರು. ಆಡಮ್ ಹುಟ್ಟಿದ್ದು ಬ್ಯಾಂಕಾಕಿನಲ್ಲೇ, 1939ರ ಮಾರ್ಚ್ 6ರಂದು. 1941ರಲ್ಲಿ ರಜೆಯ ಮೇಲೆ ಸಂಸಾರ ತಿರುವಣ್ಣಾಮಲೈಗೆ ಬಂತು. ಆರ್ಥರ್ ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಮರಳಿದರು. ಆ ವರ್ಷದ ಡಿಸೆಂಬರಿನಲ್ಲಿ ಜಪಾನಿನ ಸೈನ್ಯ ಸಯಾಮಿಗೆ, ಅಂದರೆ ಇಂದಿನ ಥಾಯ್ಲೆಂಡಿಗೆ, ನುಗ್ಗಿತು, ಆರ್ಥರ್ ಸೆರೆಶಿಬಿರ ಸೇರಿದರು. ಯುದ್ಧ ಮುಗಿಯುವ ತನಕ ಅವರು ಹೊರಗೆ ಬರಲಿಲ್ಲ. ಅಷ್ಟು ವರ್ಷ ತಾಯಿಯೊಬ್ಬರೇ ಮಕ್ಕಳನ್ನು ಕಟ್ಟಿಕೊಂಡು ಅರುಣಾಚಲ ಬೆಟ್ಟದ ಬುಡದಲ್ಲಿ ಸಂಸಾರ ತೂಗಿಸಿದರು. ಅಪ್ಪ ಕ್ಷೇಮವಾಗಿ ಬರಲಿ ಎಂದು ಪುಟ್ಟ ಆಡಮ್ ಮಹರ್ಷಿಗಳ ಬಳಿ ಹೋಗಿ ಕೇಳಿಕೊಂಡ ಪ್ರಸಂಗವನ್ನು ಆಶ್ರಮದ ಹಳಬರು ನೆನೆಯುತ್ತಾರೆ. ಅಪ್ಪ 1945ರಲ್ಲಿ ಬಂದರು.

ಹುಡುಗನ ಓದು ಕೊಡೈಕೆನಾಲಿನ ಕಾನ್ವೆಂಟಿನಲ್ಲಿ ನಡೆಯಿತು. 1950ರಲ್ಲಿ, ಮಹರ್ಷಿಗಳು ದೇಹ ಬಿಟ್ಟ ವರ್ಷವೇ, ಹನ್ನೊಂದು ವರ್ಷದ ಆಡಮ್ ಇಂಗ್ಲೆಂಡಿಗೆ ಹೋದರು. ಆಧ್ಯಾತ್ಮದ ವಾತಾವರಣದಲ್ಲಿ ಬೆಳೆದವರು ಮುಂದೆ ಹೀಗಾದರು, ಹಾಗಾದರು ಎಂದು ಗಂಟು ಹಾಕುವ ಆಸೆ ಸುಲಭವಾಗಿ ಹುಟ್ಟುತ್ತದೆ. ನಾನು ಹಾಕುವುದಿಲ್ಲ. ದೊಡ್ಡವರಾದ ಮೇಲೆ ಆಸ್ಬೋರ್ನ್ ಮಾತಿನ ಮಲ್ಲ, ಹಟಮಾರಿ, ಪ್ರಚಾರಪ್ರಿಯ. ಎದುರಾಳಿಗಳನ್ನು ಹೆಸರು ಹಿಡಿದು ಟೀಕಿಸುವವರು. ಒಂದನ್ನಂತೂ ಹೇಳಬಹುದು, ಬರೆದು ಬದುಕುವುದು ಆ ಮನೆಯಲ್ಲಿ ಹೊಸದಾಗಿರಲಿಲ್ಲ.

ಮುಂದಿನದನ್ನು ಬೇಗ ದಾಟೋಣ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪದವಿ, 1961ರಲ್ಲಿ. ಅಮೆರಿಕಕ್ಕೆ ಹೋಗಿ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಶೆಲ್ ತೈಲ ಕಂಪನಿಯ ನೌಕರಿ. ಲೆಕ್ಕಗಳಿಗಾಗಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು ಅಲ್ಲಿ ಕೈಗೆ ಹತ್ತಿತು. 1970ರ ದಶಕದ ಆರಂಭದಲ್ಲಿ ಆ ನೌಕರಿ ಬಿಟ್ಟು, ಕಂಪ್ಯೂಟರ್ ಕಂಪನಿಗಳಿಗೆ ಕೈಪಿಡಿ ಬರೆದುಕೊಡುವ ಸ್ವಂತ ಸಂಸ್ಥೆ ಕಟ್ಟಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಾಲದ ಕೈಪಿಡಿಗಳನ್ನು ಬರೆಯುತ್ತಿದ್ದವರು ಯಂತ್ರ ಕಟ್ಟಿದ ಎಂಜಿನಿಯರುಗಳು, ಓದುತ್ತಿದ್ದವರೂ ಎಂಜಿನಿಯರುಗಳೇ. ಹೊರಗಿನವರು ತೆರೆದರೆ ಮೊದಲ ಪುಟದಲ್ಲೇ ಕಣ್ಣು ಕತ್ತಲೆ ಬರುತ್ತಿತ್ತು. 1975ರ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಕಿಟ್ ಕಾಣಿಸಿಕೊಂಡಿತು. ತಾವೇ ಬೆಸುಗೆ ಹಾಕಿ ಕಂಪ್ಯೂಟರ್ ಜೋಡಿಸುವ ಹುಚ್ಚು ಹಬ್ಬಿತು. ಸಾವಿರಾರು ಜನರ ಮೇಜಿನ ಮೇಲೆ ಮೈಕ್ರೊಪ್ರೊಸೆಸರ್, ಅಂದರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಪುಟ್ಟ ಚಿಪ್ಪು, ಬಂದು ಕುಳಿತಿತು, ಅದು ಏನು ಎಂದು ತಿಳಿಸಿ ಹೇಳುವವರಿಲ್ಲ. ಆಸ್ಬೋರ್ನ್ ‘ಆ್ಯನ್ ಇಂಟ್ರೊಡಕ್ಷನ್ ಟು ಮೈಕ್ರೊಕಂಪ್ಯೂಟರ್ಸ್’ ಬರೆದದ್ದು ಈ ಹೊತ್ತಿನಲ್ಲಿ. ಪ್ರಕಾಶಕರು ಬೇಡವೆಂದರು. ಅವರು ತಾವೇ ಅಚ್ಚು ಹಾಕಿಸಿದರು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹವ್ಯಾಸಿಗಳು ಸೇರುತ್ತಿದ್ದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆಗಳಿಗೆ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಹೋಗಿ ಮಾರಿದರು. ಸ್ಟೀವ್ ವಾಜ್ನಿಯಾಕ್ ತಮ್ಮ ಆ್ಯಪಲ್ ಬೋರ್ಡನ್ನು ತೋರಿಸಿದ್ದು ಇದೇ ಕ್ಲಬ್ಬಿನಲ್ಲಿ. ಆಮೇಲೆ ಐಎಂಎಸ್‌ಎಐ ಎಂಬ ಕಂಪನಿ ತನ್ನ ಪ್ರತಿ ಯಂತ್ರದ ಜೊತೆ ಈ ಪುಸ್ತಕದ ಒಂದು ಪ್ರತಿಯನ್ನು ಕೊಡಲು ಶುರು ಮಾಡಿತು. ಪುಸ್ತಕದ ಅದೃಷ್ಟ ತೆರೆಯಿತು. ಒಟ್ಟು ಮೂರು ಲಕ್ಷದಷ್ಟು ಪ್ರತಿಗಳು ಹೋದವು ಎನ್ನುತ್ತಾರೆ.

ಮೊದಲ ಸಂಪುಟವೇ ಕಷ್ಟ ಎಂದು ಓದುಗರು ಹೇಳಿದಾಗ ಅವರು ಏನು ಮಾಡಿದರು ಗೊತ್ತೇ? ಅದಕ್ಕಿಂತ ಮುಂಚೆ ಓದಬೇಕಾದ ಇನ್ನೊಂದು ಸಂಪುಟವನ್ನು ತಂದರು, ಅದಕ್ಕೆ ‘ಸಂಪುಟ 0’ ಎಂದು ಸಂಖ್ಯೆ ಕೊಟ್ಟರು. ಅದು ಅಆಇಈಯಿಂದ ಶುರುವಾಗುವ ಪುಸ್ತಕ. ತಿಳಿಯಲಿಲ್ಲ ಎಂದ ಓದುಗನನ್ನು ದಡ್ಡ ಎನ್ನದೆ ಅವನಿರುವ ಕಡೆಗೆ ಇಳಿದು ಬರುವ ಈ ಗುಣವನ್ನು ನಾನು ತುಂಬ ಗೌರವಿಸುತ್ತೇನೆ. ಅವರ ಪ್ರಕಾಶನ ಇನ್ನೊಂದು ಕೆಲಸವನ್ನೂ ಮಾಡಿತು. ಲೆಕ್ಕಪತ್ರ, ಸಂಬಳದ ಪಟ್ಟಿ ಇಂಥ ವ್ಯಾಪಾರದ ಪ್ರೋಗ್ರಾಂಗಳನ್ನು ಸಾಲುಸಾಲಾಗಿ ಪುಸ್ತಕದಲ್ಲೇ ಅಚ್ಚು ಹಾಕಿತು. ಕೊಂಡವರು ಅದನ್ನು ನೋಡಿಕೊಂಡು ತಾವೇ ಟೈಪ್ ಮಾಡಿಕೊಳ್ಳಬೇಕು. ಸಾಫ್ಟ್‌ವೇರನ್ನು ಪುಸ್ತಕದ ಬೆಲೆಗೆ ಕೊಡಬಹುದು ಎಂಬ ಯೋಚನೆ ಅಲ್ಲಿಯೇ ಮೊಳೆತಿದೆ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

1979ರಲ್ಲಿ ಮೆಕ್‌ಗ್ರಾ-ಹಿಲ್ ಈ ಪ್ರಕಾಶನವನ್ನು ಕೊಂಡಿತು. ಕೈಯಲ್ಲಿ ಹಣವಿತ್ತು. ಪತ್ರಿಕೆಗಳಲ್ಲಿ ಅಂಕಣ ಬರೆದು ಹೆಸರೂ ಬಂದಿತ್ತು. ಆ ಅಂಕಣಗಳಲ್ಲಿ ಅವರು ಕಂಪ್ಯೂಟರ್ ಕಂಪನಿಗಳ ಬೆನ್ನು ಹತ್ತಿದ್ದರು: ಹೇಳಿದ ದಿನಕ್ಕೆ ಮಾಲು ಕೊಡುವುದಿಲ್ಲ, ಕೊಟ್ಟದ್ದು ಕೆಲಸ ಮಾಡುವುದಿಲ್ಲ, ಬೆಲೆಯೊಂದು ಹೇಳಿ ಬಿಲ್ಲೊಂದು ಮಾಡುತ್ತಾರೆ ಎಂದು. ಆಗ ಕಂಪ್ಯೂಟರ್ ಕೊಳ್ಳುವುದೆಂದರೆ ಹಾಗೇ ಇತ್ತು. ಮೂಲ ಪೆಟ್ಟಿಗೆಗೆ ಒಂದು ಬೆಲೆ, ಪರದೆಗೆ ಬೇರೆ, ಫ್ಲಾಪಿ ಡ್ರೈವಿಗೆ ಬೇರೆ, ಮೆಮೊರಿಗೆ ಬೇರೆ. ಸಾಫ್ಟ್‌ವೇರ್ ಆಮೇಲಿನ ಮಾತು. 1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂದಾಗ ಅದರ ಮೂಲ ಬೆಲೆ 1,565 ಡಾಲರ್, ಆ ಬೆಲೆಗೆ ಫ್ಲಾಪಿ ಡ್ರೈವೂ ಇಲ್ಲ, ಪರದೆಯೂ ಇಲ್ಲ.

ಆಸ್ಬೋರ್ನ್ 1980ರಲ್ಲಿ ಲೀ ಫೆಲ್ಸೆನ್‌ಸ್ಟೀನ್ ಬಳಿಗೆ ಹೋದರು. ಹೋಮ್‌ಬ್ರೂ ಸಭೆಗಳನ್ನು ನಡೆಸುತ್ತಿದ್ದವರು ಇವರು. ಸೋಲ್-20 ಎಂಬ ಕಂಪ್ಯೂಟರನ್ನು ರೂಪಿಸಿದವರು. ಅದಕ್ಕೂ ಮುಂಚೆ, 1973ರಲ್ಲಿ, ಬರ್ಕ್ಲಿಯ ಒಂದು ಗ್ರಾಮಫೋನ್ ರೆಕಾರ್ಡಿನ ಅಂಗಡಿಯಲ್ಲಿ, ಬೇರೆ ಕಡೆಯ ಕಂಪ್ಯೂಟರಿಗೆ ಜೋಡಿಸಿದ ಟರ್ಮಿನಲ್ ಇಟ್ಟು, ದಾರಿಹೋಕರು ಯಾರು ಬೇಕಾದರೂ ಬಂದು ಜಾಹೀರಾತು, ವಿಚಾರ, ವಿಳಾಸ ಹಾಕಬಹುದಾದ ‘ಕಮ್ಯುನಿಟಿ ಮೆಮೊರಿ’ ಎಂಬ ವ್ಯವಸ್ಥೆ ನಡೆಸಿದ ಗುಂಪಿನವರು. ಕಂಪ್ಯೂಟರ್ ಜನರ ಕೈಗೆ ಸಿಗಬೇಕು ಎಂಬ ಹಂಬಲ ಇಬ್ಬರಿಗೂ ಇತ್ತು. ಫೆಲ್ಸೆನ್‌ಸ್ಟೀನ್‌ಗೆ ಅದು ರಾಜಕೀಯ ನಂಬಿಕೆ, ಆಸ್ಬೋರ್ನ್‌ಗೆ ವ್ಯಾಪಾರ. ಆಸ್ಬೋರ್ನ್ ಕೇಳಿದ್ದು ಇಷ್ಟು: ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇರಬೇಕು, ಮುಚ್ಚಿ ಹಿಡಿದೆತ್ತಿಕೊಂಡು ಹೋಗುವಂತಿರಬೇಕು, ವಿಮಾನದ ಸೀಟಿನ ಕೆಳಗೆ ಹಿಡಿಸಬೇಕು. ಹೊಸ ತಂತ್ರಜ್ಞಾನ ಬೇಡ, ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳೇ ಸಾಕು.

ಆ ಯಂತ್ರವನ್ನು ಹತ್ತಿರದಿಂದ ನೋಡೋಣ. ಹೆಸರು ಆಸ್ಬೋರ್ನ್ 1. ಮುಚ್ಚಿದಾಗ ಹೊಲಿಗೆ ಯಂತ್ರದ ಪೆಟ್ಟಿಗೆಯಂತೆ ಕಾಣುತ್ತದೆ, ಹಿಡಿಕೆಯೂ ಹಾಗೇ. ತೂಕ ಸುಮಾರು 11 ಕಿಲೋ. ಮಲಗಿಸಿ ಕೊಂಡಿ ಬಿಚ್ಚಿದರೆ ಮುಚ್ಚಳವೇ ಕೀಲಿಮಣೆ. ಒಳಗೆ ಎಡಕ್ಕೊಂದು ಬಲಕ್ಕೊಂದು ಐದೂಕಾಲು ಇಂಚಿನ ಫ್ಲಾಪಿ ಡ್ರೈವ್, ನಡುವೆ ಪರದೆ, ಡ್ರೈವುಗಳ ಕೆಳಗೆ ಫ್ಲಾಪಿಗಳನ್ನು ಇಟ್ಟುಕೊಳ್ಳಲು ಗೂಡು. ಝಡ್80 ಪ್ರೊಸೆಸರ್, 64 ಕಿಲೋಬೈಟ್ ಮೆಮೊರಿ. ಒಂದು ಫ್ಲಾಪಿಯಲ್ಲಿ ಹಿಡಿಯುವುದು ಸುಮಾರು 90 ಕಿಲೋಬೈಟ್. ಬ್ಯಾಟರಿ ಇಲ್ಲ, ಗೋಡೆಯ ಪ್ಲಗ್ಗಿಗೇ ಚುಚ್ಚಬೇಕು.

ಪರದೆ ಐದು ಇಂಚು. ಅಷ್ಟು ಚಿಕ್ಕ ಗಾಜಿನ ಮೇಲೆ ಒಂದು ಸಾಲಿಗೆ 80 ಅಕ್ಷರ ಹಾಕಿದರೆ ಓದಲು ಆಗುವುದಿಲ್ಲ. ಓದುವ ಹಾಗೆ ಹಾಕಿದರೆ 52 ಅಕ್ಷರ ಹಿಡಿಯುತ್ತದೆ, ಹಾಗಂತ 52 ಅಕ್ಷರದ ಕಾಗದಪತ್ರ ಯಾರಿಗೆ ಬೇಕು? ಫೆಲ್ಸೆನ್‌ಸ್ಟೀನ್ ಮಾಡಿದ ಉಪಾಯ ನನಗೆ ಬಲು ಇಷ್ಟ. ಪರದೆಗೆಂದು 4,096 ಬೈಟ್ ಮೆಮೊರಿ ತೆಗೆದಿಟ್ಟರು. ಅದರಲ್ಲಿ ಸಾಲಿಗೆ 128 ಅಕ್ಷರದಂತೆ 32 ಸಾಲು ಹಿಡಿಯುತ್ತದೆ. ಗಾಜಿನ ಮೇಲೆ ಕಾಣುವುದು ಅದರ ಒಂದು ತುಂಡು, 52 ಅಕ್ಷರ, 24 ಸಾಲು. ಕಂಟ್ರೋಲ್ ಕೀಲಿಯ ಜೊತೆ ಬಾಣದ ಕೀಲಿ ಒತ್ತಿದರೆ ಆ ನೋಟ ಎಡಕ್ಕೆ ಬಲಕ್ಕೆ ಸರಿಯುತ್ತದೆ. ಪತ್ರ ಪೂರ್ತಿ ಅಗಲ ಇದೆ, ನೋಡುವ ಕಿಂಡಿ ಮಾತ್ರ ಚಿಕ್ಕದು. ಇವತ್ತು ನಾವು ಮೊಬೈಲಿನಲ್ಲಿ ದೊಡ್ಡ ಪುಟವನ್ನು ಬೆರಳಿನಲ್ಲಿ ಸರಿಸುತ್ತ ಓದುವಾಗ ಮಾಡುವುದು ಇದನ್ನೇ.

‘ಸಾಕಾಗುವಷ್ಟಿದ್ದರೆ ಸಾಕು, ಉಳಿದದ್ದು ಅಪ್ರಸ್ತುತ’ ಎನ್ನುವುದು ಆಸ್ಬೋರ್ನ್ ಪದೇ ಪದೇ ಹೇಳುತ್ತಿದ್ದ ಮಾತು. ಎಂಜಿನಿಯರುಗಳಿಗೆ ಇದು ಹಿಡಿಸುತ್ತಿರಲಿಲ್ಲ. ಪ್ರಕಾಶಕರ ಬಾಯಲ್ಲಿ ಬರುವ ಮಾತು ಇದು. ಕಾಗದ ಇನ್ನೂ ಒಳ್ಳೆಯದಿರಬಹುದಿತ್ತು, ರಟ್ಟು ಇನ್ನೂ ಗಟ್ಟಿ ಇರಬಹುದಿತ್ತು, ಆದರೆ ಪುಸ್ತಕ ಓದುಗನ ಕೈ ಸೇರಬೇಕಾದರೆ ಎಲ್ಲಿ ನಿಲ್ಲಿಸಬೇಕು ಎನ್ನುವುದು ಪ್ರಕಾಶಕನಿಗೆ ಗೊತ್ತಿರಬೇಕಾಗುತ್ತದೆ.

ಯಂತ್ರಕ್ಕಿಂತ ಮುಖ್ಯವಾದದ್ದು ಅದರ ಜೊತೆಗೆ ಬಂದದ್ದು. ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ಆಪರೇಟಿಂಗ್ ಸಿಸ್ಟಂ, ಪತ್ರ ಬರೆಯಲು ವರ್ಡ್‌ಸ್ಟಾರ್, ಲೆಕ್ಕಕ್ಕೆ ಸೂಪರ್‌ಕ್ಯಾಲ್ಕ್, ಪ್ರೋಗ್ರಾಂ ಬರೆಯುವವರಿಗೆ ಮೈಕ್ರೋಸಾಫ್ಟಿನ ಬೇಸಿಕ್ ಮತ್ತು ಸಿಬೇಸಿಕ್. ಎಲ್ಲ ಸೇರಿ ಬೆಲೆ 1,795 ಡಾಲರ್. ವರ್ಡ್‌ಸ್ಟಾರ್ ಒಂದನ್ನೇ ಅಂಗಡಿಯಲ್ಲಿ ಕೊಂಡರೆ 495 ಡಾಲರ್ ಇತ್ತು. ಸಾಫ್ಟ್‌ವೇರುಗಳ ಬಿಡಿ ಬೆಲೆಯನ್ನು ಕೂಡಿದರೆ ಸುಮಾರು 1,500 ಡಾಲರ್ ಆಗುತ್ತಿತ್ತು. ಅಂದರೆ ಯಂತ್ರ ಹೆಚ್ಚುಕಡಿಮೆ ಪುಕ್ಕಟೆ ಎಂದು ಗಿರಾಕಿಗೆ ಅನಿಸುತ್ತಿತ್ತು. ಇದನ್ನು ಸಾಧಿಸಲು ಆಸ್ಬೋರ್ನ್ ಒಂದೊಂದು ಸಾಫ್ಟ್‌ವೇರ್ ಕಂಪನಿಯ ಬಾಗಿಲಿಗೂ ಹೋಗಿ ಮಾತಾಡಿದರು. ಬಿಡಿಬಿಡಿಯಾಗಿ ಮಾರಿದರೆ ನೂರು ಪ್ರತಿ, ನನ್ನ ಯಂತ್ರದ ಜೊತೆ ಕೊಟ್ಟರೆ ಸಾವಿರಾರು ಪ್ರತಿ ಎನ್ನುವ ಲೆಕ್ಕ. ಐಎಂಎಸ್‌ಎಐ ತಮ್ಮ ಪುಸ್ತಕವನ್ನು ಯಂತ್ರದ ಜೊತೆ ಕೊಟ್ಟಾಗ ತಮಗೇ ಆದ ಲಾಭ ಅವರಿಗೆ ಗೊತ್ತಿತ್ತಲ್ಲ! ವರ್ಡ್‌ಸ್ಟಾರ್ ಮಾಲೀಕರಾದ ಸೇಮೂರ್ ರೂಬಿನ್‌ಸ್ಟೀನ್ ಕೂಡ ಅದೇ ಐಎಂಎಸ್‌ಎಐ ಕಂಪನಿಯಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದವರು.

ವರ್ಡ್‌ಸ್ಟಾರ್ ಎಂದ ಕೂಡಲೇ ಇಲ್ಲಿ ಕೆಲವರ ಮುಖ ಅರಳಿದ್ದನ್ನು ನೋಡಿದೆ. ಎಂಬತ್ತರ ಕೊನೆ, ತೊಂಬತ್ತರ ಶುರುವಿನಲ್ಲಿ ನಮ್ಮ ಊರುಗಳಲ್ಲಿ ಕಂಪ್ಯೂಟರ್ ಕಲಿಯಲು ಹೋದವರಿಗೆ ‘ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್’ ಎನ್ನುವುದು ಒಂದೇ ಉಸಿರಿನಲ್ಲಿ ಬರುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು, ಎ.ಸಿ. ಕೋಣೆಗೆ ಹೋಗಿ, ಒಂದು ಯಂತ್ರಕ್ಕೆ ಇಬ್ಬರು ಕೂತು ಕಲಿತವರು ನೀವು. ಕಂಟ್ರೋಲ್ ಕೆ ಬಿ ಒತ್ತಿದರೆ ಬ್ಲಾಕ್ ಶುರು, ಕಂಟ್ರೋಲ್ ಕೆ ಕೆ ಒತ್ತಿದರೆ ಮುಗಿಯಿತು, ಕಂಟ್ರೋಲ್ ಕೆ ವಿ ಒತ್ತಿದರೆ ಅದು ಕರ್ಸರ್ ಇದ್ದ ಕಡೆಗೆ ಜಿಗಿಯುತ್ತಿತ್ತು. ಆ ಪಟ್ಟಿಯಲ್ಲಿ ವರ್ಡ್‌ಸ್ಟಾರ್ ಆಸ್ಬೋರ್ನ್ ಅವರನ್ನು ಮೇಲೆತ್ತಿದ ಹೆಸರು. ಅವರನ್ನು ಕೆಡವಿದ ಹೆಸರೂ ಅದೇ ಪಟ್ಟಿಯಲ್ಲಿದೆ. ಅಲ್ಲಿಗೆ ಬರುತ್ತೇನೆ.

1981ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್‌ನಲ್ಲಿ ಆಸ್ಬೋರ್ನ್ 1 ಪ್ರದರ್ಶನಕ್ಕೆ ಬಂತು. ಹೊತ್ತೊಯ್ಯುವ ಕಂಪ್ಯೂಟರ್ ಇದೇ ಮೊದಲಲ್ಲ. ಐಬಿಎಂ 5100 ಎಂಬುದು 1975ರಲ್ಲೇ ಬಂದಿತ್ತು, ಅದರ ತೂಕ ಸುಮಾರು 25 ಕಿಲೋ, ಬೆಲೆ ಶುರುವಾಗುವುದೇ ಒಂಬತ್ತು ಸಾವಿರ ಡಾಲರಿನ ಹತ್ತಿರ. ಸಾಮಾನ್ಯ ವ್ಯಾಪಾರಿ, ಪತ್ರಕರ್ತ, ವಕೀಲ ಕೊಳ್ಳಬಹುದಾದದ್ದು ಆಸ್ಬೋರ್ನ್ 1. ಜಾಹೀರಾತಿನಲ್ಲಿ ಇಬ್ಬರು ಗಂಡಸರು ಬ್ಯಾಗ್ ಹಿಡಿದು ನಡೆಯುತ್ತಿದ್ದಾರೆ. ಎಡಗಡೆಯವನ ಬ್ಯಾಗಿನಲ್ಲಿ ಎರಡು ಫೈಲು, ಒಂದು ಪತ್ರಿಕೆ, ಒಂದು ಸ್ಯಾಂಡ್‌ವಿಚ್. ಬಲಗಡೆಯವನ ಕೈಯಲ್ಲಿ ಆಸ್ಬೋರ್ನ್ 1. ಎಡಗಡೆಯವನಿಗೆ ಇನ್ನು ಉಳಿಗಾಲವಿಲ್ಲ ಎನ್ನುವುದು ಅದರ ಒಕ್ಕಣೆ. ಇನ್ನೊಂದು ಜಾಹೀರಾತಿನಲ್ಲಿ ಹೆನ್ರಿ ಫೋರ್ಡ್ ಪಕ್ಕದಲ್ಲಿ ಆಸ್ಬೋರ್ನ್ ಅವರನ್ನು ನಿಲ್ಲಿಸಿದ್ದರು.

ಯಂತ್ರದ ಒಟ್ಟು ಆಯಸ್ಸಿನಲ್ಲಿ 10,000 ಮಾರಿದರೆ ಸಾಕು ಎನ್ನುವುದು ಕಂಪನಿಯ ಮೊದಲ ಅಂದಾಜು. ಬೇಡಿಕೆ ಏರಿದ ಕಾಲದಲ್ಲಿ ಒಂದೇ ತಿಂಗಳಿಗೆ 10,000 ಹೋಗತೊಡಗಿದವು. ಹೇವರ್ಡ್ ಊರಿನ ಆ ಕಾರ್ಖಾನೆ ಹೊಸ ಕಟ್ಟಡ, ಹೊಸ ಕೆಲಸಗಾರರು ಎಂದು ಹಿಗ್ಗುತ್ತಲೇ ಹೋಯಿತು.

ಈಗ ಬಿದ್ದ ಕಥೆ. 1982ರಲ್ಲಿ ಕೇಪ್ರೊ 2 ಎಂಬ ಯಂತ್ರ ಬಂತು. ಅದನ್ನು ತಂದವರು ಆಂಡ್ರೂ ಕೇ. 1950ರ ದಶಕದಲ್ಲಿ ಡಿಜಿಟಲ್ ವೋಲ್ಟ್‌ಮೀಟರನ್ನು ಕಂಡುಹಿಡಿದ ಹಿರಿಯ ಎಂಜಿನಿಯರ್, ಕುಟುಂಬದವರನ್ನೆಲ್ಲ ಸೇರಿಸಿಕೊಂಡು ಕಂಪನಿ ನಡೆಸುತ್ತಿದ್ದವರು. ಕೇಪ್ರೊ ಬೆಲೆಯೂ 1,795 ಡಾಲರ್, ಅದಕ್ಕೂ ಸಿಪಿ/ಎಂ, ಸಾಫ್ಟ್‌ವೇರೂ ಜೊತೆಗೇ. ಆದರೆ ಪರದೆ ಒಂಬತ್ತು ಇಂಚು, ಸಾಲಿಗೆ ಪೂರ್ತಿ 80 ಅಕ್ಷರ, ಫ್ಲಾಪಿಯಲ್ಲಿ ಎರಡರಷ್ಟು ಜಾಗ. ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ಗಿರಾಕಿ ಯಾವುದನ್ನು ಎತ್ತಿಕೊಳ್ಳುತ್ತಾನೆ ಹೇಳಿ? ಅದೇ ವರ್ಷದ ನವೆಂಬರಿನಲ್ಲಿ ಹ್ಯೂಸ್ಟನ್ನಿನ ಕಾಂಪ್ಯಾಕ್ ಕಂಪನಿ ತನ್ನ ಪೋರ್ಟಬಲ್ ಪ್ರಕಟಿಸಿತು. ಐಬಿಎಂ ಪಿಸಿಗೆ ಬರೆದ ಸಾಫ್ಟ್‌ವೇರ್ ಅದರಲ್ಲಿ ಓಡುತ್ತಿತ್ತು. ಬೆಲೆ ಹೆಚ್ಚು, ಆದರೆ ಕಚೇರಿಗಳಲ್ಲಿ ಐಬಿಎಂ ಪಿಸಿ ನೆಲೆಯೂರುತ್ತಿದ್ದ ಹೊತ್ತು ಅದು. ಸಿಪಿ/ಎಂ ದಾರಿ ಮುಗಿಯುತ್ತ ಬಂದಿತ್ತು.

ಆಸ್ಬೋರ್ನ್ ಮುಂದಿನ ಮಾದರಿಯನ್ನು, ಎಕ್ಸಿಕ್ಯುಟಿವ್ ಎಂಬುದನ್ನು, 1983ರ ಆರಂಭದಲ್ಲಿ ಪತ್ರಕರ್ತರಿಗೆ ತೋರಿಸಿದ್ದು ನಿಜ. ಸುದ್ದಿ ಹೊರಗೆ ಬಂದು ಡೀಲರುಗಳು ಹಳೆಯ ಯಂತ್ರದ ಆರ್ಡರು ಕಡಿಮೆ ಮಾಡಿದ್ದೂ ನಿಜ. ಆದರೆ ಬೆಲೆ ನೋಡಿ. ಎಕ್ಸಿಕ್ಯುಟಿವ್ ಬೆಲೆ 2,495 ಡಾಲರ್, ಹಳೆಯದಕ್ಕಿಂತ 700 ಡಾಲರ್ ಜಾಸ್ತಿ. 1,795 ಡಾಲರ್ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಬಂದವನು ಇನ್ನೂ 700 ಹೊಂದಿಸಿಕೊಂಡು ತಿಂಗಳುಗಟ್ಟಲೆ ಕಾಯುತ್ತಾನೆಯೇ? ಅದೇ ಹಣಕ್ಕೆ ಕೇಪ್ರೊ ಪಕ್ಕದಲ್ಲೇ ಇದೆ. ಎಕ್ಸಿಕ್ಯುಟಿವ್ ಪರದೆ ಏಳೇ ಇಂಚು, ಮೇಲಾಗಿ ಅದು ಐಬಿಎಂ ಸಾಫ್ಟ್‌ವೇರನ್ನು ಓಡಿಸುವ ಯಂತ್ರವೂ ಆಗಿರಲಿಲ್ಲ. ಗಿರಾಕಿಗಳು ಆಸ್ಬೋರ್ನ್ ಕಂಪನಿಯ ಹೊಸ ಯಂತ್ರಕ್ಕೆ ಕಾದು ಕುಳಿತರು ಎನ್ನುವುದಕ್ಕಿಂತ ಬೇರೆಯವರ ಯಂತ್ರದ ಕಡೆಗೆ ಹೋದರು ಎನ್ನುವುದೇ ನನಗೆ ಸರಿ ಕಾಣುತ್ತದೆ.

ಒಳಗಿನ ಸ್ಥಿತಿಯೂ ಚೆನ್ನಾಗಿರಲಿಲ್ಲ. 1983ರ ಶುರುವಿನಲ್ಲಿ ಆಸ್ಬೋರ್ನ್ ಅಧ್ಯಕ್ಷಗಿರಿಯನ್ನು ರಾಬರ್ಟ್ ಜಾನಿಕ್ ಎಂಬ ವೃತ್ತಿಪರ ಆಡಳಿತಗಾರರಿಗೆ ಒಪ್ಪಿಸಿದ್ದರು. ಆಹಾರೋದ್ಯಮದಿಂದ ಬಂದವರು ಅವರು. ಷೇರು ಬಿಡುಗಡೆಗೆ ತಯಾರಿ ನಡೆಯುತ್ತಿತ್ತು. ಲೆಕ್ಕ ತಪಾಸಣೆಗೆ ಕೂತಾಗ ಲಾಭ ಎಂದುಕೊಂಡಿದ್ದ ಜಾಗದಲ್ಲಿ ನಷ್ಟ ಕಂಡಿತು, ಷೇರು ಬಿಡುಗಡೆ ನಿಂತಿತು. ಆ ಕಾಲವನ್ನು ಬಲ್ಲವರು ಹೇಳುವ ಇನ್ನೊಂದು ಸಂಗತಿ ಇದೆ. ಎಕ್ಸಿಕ್ಯುಟಿವ್ ಮಾರಾಟ ಶುರುವಾದ ಮೇಲೆ ಗೋದಾಮಿನಲ್ಲಿ ಹಳೆಯ ಮಾದರಿಯ ಮದರ್‌ಬೋರ್ಡುಗಳು ಸಿಕ್ಕವು, ಅವುಗಳ ಬೆಲೆ ಒಂದೂವರೆ ಲಕ್ಷ ಡಾಲರ್. ವ್ಯರ್ಥ ಮಾಡುವುದು ಯಾಕೆ, ಇವನ್ನು ಪೂರ್ತಿ ಯಂತ್ರ ಮಾಡಿ ಮಾರೋಣ ಎಂದು ಮೇಲಧಿಕಾರಿಯೊಬ್ಬರು ಹೊರಟರು. ಮದರ್‌ಬೋರ್ಡ್ ಇದ್ದರೆ ಆಯಿತೇ? ಪರದೆ, ಮೆಮೊರಿ, ಡ್ರೈವ್, ಪೆಟ್ಟಿಗೆ ಎಲ್ಲವನ್ನೂ ಹೊಸದಾಗಿ ತರಿಸಬೇಕು. ಒಂದೂವರೆ ಲಕ್ಷ ಉಳಿಸಲು ಹೋಗಿ ಇಪ್ಪತ್ತು ಲಕ್ಷ ಡಾಲರ್ ಖರ್ಚಾಯಿತು. 1983ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗ ಕೊಡಬೇಕಾಗಿದ್ದ ಬಾಕಿ ಸುಮಾರು 4.5 ಕೋಟಿ ಡಾಲರ್.

ನನಗೆ ಅನಿಸುವ ಮೂಲ ಕಾರಣ ಇದು. ಪುಸ್ತಕದ ವ್ಯಾಪಾರದಲ್ಲಿ ಕಷ್ಟವೆಲ್ಲ ಮೊದಲ ಪ್ರತಿಗೆ. ಬರೆದು, ತಿದ್ದಿ, ಅಚ್ಚಿಗೆ ಸಿದ್ಧ ಮಾಡಿದ ಮೇಲೆ ಹತ್ತನೇ ಸಾವಿರದ ಪ್ರತಿಗೆ ಆಗುವ ಖರ್ಚು ತೀರ ಕಡಿಮೆ. ಬೇಡಿಕೆ ಹೆಚ್ಚಿದಷ್ಟೂ ಪ್ರಕಾಶಕನಿಗೆ ನೆಮ್ಮದಿ. ಯಂತ್ರದ ವ್ಯಾಪಾರ ಹಾಗಲ್ಲ. ಹತ್ತು ಸಾವಿರದ ಒಂದನೆಯ ಪೆಟ್ಟಿಗೆಗೂ ಪರದೆ, ಡ್ರೈವ್, ಚಿಪ್ಪುಗಳನ್ನು ಮೊದಲೇ ಹಣ ಕೊಟ್ಟು ತರಿಸಬೇಕು, ಡೀಲರಿನಿಂದ ಹಣ ಬರುವುದು ಆಮೇಲೆ. ಬೇಡಿಕೆ ಏರಿದಷ್ಟೂ ಕೈಯಲ್ಲಿರುವ ಹಣ ಬತ್ತುತ್ತ ಹೋಗುತ್ತದೆ. ಅದನ್ನು ದಿನದಿನವೂ ಅಳೆದು ನೋಡುವ ಲೆಕ್ಕದ ವ್ಯವಸ್ಥೆ ಆ ಕಂಪನಿಯಲ್ಲಿ ಇರಲಿಲ್ಲ. ಪ್ರಕಾಶಕನ ಕಣ್ಣು ಅವರಿಗೆ ಆ ಯಂತ್ರವನ್ನು ಕಾಣಿಸಿತು, ಆ ಯಂತ್ರದ ಕಾರ್ಖಾನೆ ನಡೆಸಲು ಬೇಕಾದ ಅಭ್ಯಾಸ ಬೇರೆಯದೇ ಆಗಿತ್ತು. ಮರುವರ್ಷ ಅಂಕಣಕಾರ ಜಾನ್ ಡ್ವೊರಾಕ್ ಜೊತೆ ಸೇರಿ ಆಸ್ಬೋರ್ನ್ ‘ಹೈಪರ್‌ಗ್ರೋತ್’ ಎಂಬ ಪುಸ್ತಕ ಬರೆದು ತಮ್ಮ ಕಡೆಯ ಮಾತನ್ನು ಹೇಳಿಕೊಂಡರು.

ಅವರು ಕೈಕಟ್ಟಿ ಕೂರಲಿಲ್ಲ. 1984ರಲ್ಲಿ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಎಂಬ ಕಂಪನಿ ತೆರೆದರು. ಹೆಸರಿನಲ್ಲೇ ಉದ್ದೇಶವಿದೆ: ಸಾಫ್ಟ್‌ವೇರ್ ಅಗ್ಗದ ಪೇಪರ್‌ಬ್ಯಾಕ್ ಪುಸ್ತಕದ ಹಾಗೆ ಸಿಗಬೇಕು. ಕಚೇರಿಗಳಲ್ಲಿ ಲೆಕ್ಕದ ಹಾಳೆಗೆ ಬಳಸುತ್ತಿದ್ದ ಲೋಟಸ್ 1-2-3 ಸಾಫ್ಟ್‌ವೇರಿನ ಬೆಲೆ ಆಗ 495 ಡಾಲರ್. ಅದೇ ಕೆಲಸ ಮಾಡುವ ಇವರ ವಿಪಿ-ಪ್ಲಾನರ್ 100 ಡಾಲರಿಗೆ ಐದು ಸೆಂಟ್ ಕಡಿಮೆ. ಲೋಟಸ್ ಕಲಿತವರಿಗೆ ನೆನಪಿರಬೇಕು, ಓರೆಗೆರೆಯ ಕೀಲಿ ಒತ್ತಿದರೆ ಮೇಲೆ ಮೆನು ಬರುತ್ತಿತ್ತು, ಎಫ್ ಒತ್ತಿ ಎಸ್ ಒತ್ತಿದರೆ ಫೈಲ್ ಉಳಿಯುತ್ತಿತ್ತು. ಕಚೇರಿಯವರ ಬೆರಳುಗಳಿಗೆ ಅದು ಅಂಟಿಹೋಗಿತ್ತು, ಆ ಅಕ್ಷರಗಳನ್ನೇ ಪೋಣಿಸಿ ಅವರು ಮ್ಯಾಕ್ರೊಗಳನ್ನೂ, ಅಂದರೆ ತಾನಾಗಿ ನಡೆಯುವ ಆಜ್ಞೆಗಳ ಸರಣಿಗಳನ್ನೂ, ಬರೆದುಕೊಂಡಿದ್ದರು. ಬೇರೆ ಮೆನು ಕೊಟ್ಟರೆ ಅವರು ಬರುವುದಿಲ್ಲ. ಆದ್ದರಿಂದ ವಿಪಿ-ಪ್ಲಾನರ್ ಅದೇ ಮೆನು ಇಟ್ಟಿತು. ಕೀಲಿಗೆ ಕೀಲಿ ಲೋಟಸಿನಂತೆಯೇ ನಡೆಯುತ್ತದೆ ಎಂದು ಅದರ ಕೈಪಿಡಿಯಲ್ಲೇ ಅಚ್ಚಾಗಿತ್ತು. ಬಚ್ಚಿಡುವ ಉದ್ದೇಶ ಅವರಿಗೆ ಇರಲಿಲ್ಲ, ಗಿರಾಕಿಗೆ ಅದೇ ಮುಖ್ಯ ವಿಷಯ ಎಂದು ಅವರು ನಂಬಿದ್ದರು.

1987ರಲ್ಲಿ ಲೋಟಸ್ ಕೃತಿಸ್ವಾಮ್ಯದ ಮೊಕದ್ದಮೆ ಹೂಡಿತು. ಕೋಡನ್ನು ಕದ್ದಿದ್ದಾರೆ ಎಂಬ ಆರೋಪ ಅದರಲ್ಲಿ ಇರಲಿಲ್ಲ. ಮೆನುವಿನ ಪದಗಳು, ಅವುಗಳ ಜೋಡಣೆ, ಅದೇ ಸ್ವಂತ ಸೃಷ್ಟಿ ಎನ್ನುವುದು ಲೋಟಸ್ ವಾದ. 1990ರ ಜೂನ್‌ನಲ್ಲಿ ಬಾಸ್ಟನ್ನಿನ ಫೆಡರಲ್ ನ್ಯಾಯಾಧೀಶ ರಾಬರ್ಟ್ ಕೀಟನ್ ಲೋಟಸ್ ಪರವಾಗಿ ತೀರ್ಪು ಕೊಟ್ಟರು. ಮೊಕದ್ದಮೆ ನಡೆದಷ್ಟು ಕಾಲವೂ ಗಿರಾಕಿಗಳು ಹೆದರಿ ದೂರ ಸರಿದಿದ್ದರು, ಮೇಲ್ಮನವಿಗೆ ಹೋಗುವ ತ್ರಾಣ ಪೇಪರ್‌ಬ್ಯಾಕ್‌ಗೆ ಉಳಿದಿರಲಿಲ್ಲ. ಆಸ್ಬೋರ್ನ್ ಅದೇ ವರ್ಷ ಕಂಪನಿ ಬಿಟ್ಟರು.

ಆಮೇಲೆ ಆರೋಗ್ಯ ಕೈಕೊಟ್ಟಿತು. ಮಿದುಳಿನ ಕಾಯಿಲೆ, ಮತ್ತೆ ಮತ್ತೆ ಚಿಕ್ಕ ಪ್ರಮಾಣದ ಲಕ್ವ. 1992ರಲ್ಲಿ ಅವರು ಭಾರತಕ್ಕೆ ಮರಳಿ ಕೊಡೈಕೆನಾಲಿನಲ್ಲಿ ಸೋದರಿಯ ಆಶ್ರಯದಲ್ಲಿ ಉಳಿದರು. 2003ರ ಮಾರ್ಚ್‌ನಲ್ಲಿ ಅಲ್ಲೇ ತೀರಿಕೊಂಡರು, 64 ವರ್ಷ ವಯಸ್ಸಾಗಿತ್ತು.

ಆ ಮೊಕದ್ದಮೆಯ ಕಥೆ ಮಾತ್ರ ಮುಂದುವರಿಯಿತು. ಪೇಪರ್‌ಬ್ಯಾಕ್ ಮೇಲೆ ಗೆದ್ದ ಕೆಲವೇ ದಿನಗಳಲ್ಲಿ ಲೋಟಸ್ ಬೋರ್ಲೆಂಡ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕಂಪನಿಯ ಮೇಲೆ ಅದೇ ವಾದ ಹೂಡಿತು, ಕೀಟನ್ ಅವರ ಮುಂದೆ ಅಲ್ಲೂ ಗೆದ್ದಿತು. ಬೋರ್ಲೆಂಡ್ ದೊಡ್ಡ ಕಂಪನಿ, ಮೇಲ್ಮನವಿಗೆ ಹೋಯಿತು. 1995ರ ಮಾರ್ಚ್‌ನಲ್ಲಿ ಮೇಲಿನ ನ್ಯಾಯಾಲಯ ಕೆಳಗಿನ ತೀರ್ಪನ್ನು ತಳ್ಳಿಹಾಕಿತು. ಮೆನುವಿನ ಆಜ್ಞೆಗಳು ವಿಸಿಆರ್ (ವಿಡಿಯೊ ಕ್ಯಾಸೆಟ್ ಯಂತ್ರ) ಮೇಲಿನ ಗುಂಡಿಗಳ ಹಾಗೆ, ಯಂತ್ರ ನಡೆಸುವ ವಿಧಾನ ಅದು, ವಿಧಾನಕ್ಕೆ ಕೃತಿಸ್ವಾಮ್ಯ ಇಲ್ಲ ಎಂದಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳು ನಾಲ್ಕು–ನಾಲ್ಕಾಗಿ ಒಡೆದದ್ದರಿಂದ 1996ರ ಜನವರಿಯಲ್ಲಿ ಮೇಲ್ಮನವಿಯ ಆ ತೀರ್ಪೇ ಊರ್ಜಿತವಾಯಿತು. ಐದು ವರ್ಷ ಮುಂಚೆ ಈ ಮಾತು ಬಂದಿದ್ದರೆ ವಿಪಿ-ಪ್ಲಾನರ್ ಉಳಿಯುತ್ತಿತ್ತು. ಆಸ್ಬೋರ್ನ್ ಹೆಸರಿನಲ್ಲಿ ಪಾಠ ಹೇಳುವವರು ಈ ಅಧ್ಯಾಯವನ್ನೂ ಸೇರಿಸಿ ಹೇಳಬೇಕು ಎನ್ನುವುದು ನನ್ನ ಕೋರಿಕೆ.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ಹಳೆಯ ಯಂತ್ರಗಳನ್ನು ಅನುಕರಿಸುವ ‘ಮೇಮ್’ ಎಂಬ ಉಚಿತ ತಂತ್ರಾಂಶದಲ್ಲಿ ಆಸ್ಬೋರ್ನ್ 1 ಕೂಡ ಇದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸಿ, ವರ್ಡ್‌ಸ್ಟಾರ್ ತೆರೆದು ಒಂದು ಪುಟದ ಪತ್ರ ಬರೆಯಿರಿ. ಸಾಲು 52 ಅಕ್ಷರ ದಾಟಿದಾಗ ಏನಾಗುತ್ತದೆ ನೋಡಿ, ಕಂಟ್ರೋಲ್ ಹಿಡಿದು ಬಾಣ ಒತ್ತಿ ನೋಡಿ. ಆಮೇಲೆ 64 ಕಿಲೋಬೈಟಿನಲ್ಲಿ ಅವರು ಏನೇನು ಹಿಡಿಸಿದರು, ಏನನ್ನು ಬಿಟ್ಟರು ಎಂದು ಒಂದು ಪಟ್ಟಿ ಮಾಡಿಕೊಂಡು ಬನ್ನಿ, ಕೂತು ಮಾತಾಡೋಣ.